ಭಾವಚಿತ್ರದ ಮೇಲೆ ಬಿದ್ದ ಮಸಿ



ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಊರನ್ನು ಬಿಟ್ಟುಕೊಟ್ಟು, ಬೀಳಗಿ ತಾಲ್ಲೂಕಿನ ಪುನರ್ವಸತಿ ಕೇಂದ್ರವೊಂದರಲ್ಲಿ ನೆಲೆಸಿರುವ ಬಂಧುಗಳ ಮನೆಗೆ ಈಚೆಗೆ ಹೋಗಿದ್ದೆನು. ಗಂಟುಗಳ ಮೇಲೆ ಹೆಸರು ಬರೆಯಲು ಇಟ್ಟಿದ್ದ ಕಪ್ಪು ಮಾರ್ಕರ್ ಪೆನ್ನು ಮೊಮ್ಮಗನ ಕೈಗೆ ಸಿಕ್ಕಿ, ಅಜ್ಜಿಯವರ ವರ್ಣಚಿತ್ರದ ಮೇಲೆ ಗೆರೆಗಳು ಮೂಡಿದ್ದವು. ಊರು ಬಿಡುವ ಮುನ್ನ ಹಳೆಯ ಮನೆಯ ಕಟ್ಟೆಯ ಮೇಲೆ ಪತಿಯೊಡನೆ ಕುಳಿತು ತೆಗೆಸಿದ ಚಿತ್ರವದು. ಯಜಮಾನರು ಈಗಿಲ್ಲ, ಚಿತ್ರಕ್ಕೆ ಇನ್ನೊಂದು ಪ್ರತಿಯೂ ಇಲ್ಲ. "ಮನಿ ಅಂತೂ ನೀರಾಗ ಹೋತು, ಇದೂ ಹೋತೇನವ್ವಾ?" ಎಂದರು ಅಜ್ಜಿ.

ಗಾಬರಿಗೊಂಡ ಸೊಸೆಯು ಒದ್ದೆ ಬಟ್ಟೆಯಿಂದ ತಿಕ್ಕಿದ್ದಳು. ನಾವೆಲ್ಲರೂ ಮಾಡುವ ತಪ್ಪೇ ಇದು. ಸ್ಟುಡಿಯೋದವರು ತೊಳೆದು ಕೊಡುತ್ತಿದ್ದ ಹೊಳಪಿನ ವರ್ಣಚಿತ್ರಗಳಲ್ಲಿ ಬಣ್ಣವಿರುವುದು ಜೆಲಟಿನ್ ಎಂಬ ತೆಳು ಪದರದೊಳಗೆ. ಅದರ ಕೆಳಗಿನ ಕಾಗದಕ್ಕೆ ಎರಡೂ ಬದಿ ಪ್ಲಾಸ್ಟಿಕ್ ಲೇಪವಿರುತ್ತದೆ. ಜೆಲಟಿನ್ ನೀರನ್ನು ಹೀರಿ ಉಬ್ಬುತ್ತದೆ; ಉಬ್ಬಿದ್ದನ್ನು ತಿಕ್ಕಿದರೆ ಹೊಳಪು ಹೋಗುತ್ತದೆ, ಕೆಲವೊಮ್ಮೆ ಚಿತ್ರವೇ ಕಿತ್ತುಬರುತ್ತದೆ. ಅಳಿಸಲಾಗದ ಮಾರ್ಕರಿನ ಮಸಿಯಾದರೋ ನೀರಿಗೆ ಜಗ್ಗುವುದೇ ಇಲ್ಲ; ಅದು ಕರಗುವುದು ಮದ್ಯಸಾರದಲ್ಲಿ.

ಆದುದರಿಂದ ಬೇಕಾಗಿರುವುದು ನೀರು ಬೆರೆಯದ ಐಸೊಪ್ರೊಪೈಲ್ ಆಲ್ಕೊಹಾಲ್. ಮೊಬೈಲ್ ದುರಸ್ತಿಯವರು ಬಳಸುವ, ಡಬ್ಬಿಯ ಮೇಲೆ ಶೇಕಡಾ ೯೯ ಎಂದು ನಮೂದಾದದ್ದನ್ನು ಕೇಳಿ ತರಿಸಿರಿ. ಶೇಕಡಾ ೭೦ರದ್ದು ಬೇಡ, ಉಳಿದ ೩೦ ಪಾಲು ನೀರೇ. ಕೊರೋನಾ ಕಾಲದಿಂದ ಮನೆಯಲ್ಲಿ ಉಳಿದ ಸ್ಯಾನಿಟೈಸರ್ ಕೂಡ ಸಲ್ಲದು. ಅದರಲ್ಲಿ ನೀರಿನ ಜೊತೆಗೆ ಗ್ಲಿಸರಿನ್ನೂ ಇರುತ್ತದೆ. ಉಗುರುಬಣ್ಣ ತೆಗೆಯುವ ದ್ರವವನ್ನಂತೂ ಮುಟ್ಟಬೇಡಿರಿ.

ಮೊದಲು ಚಿತ್ರದ ಪ್ರತಿಯನ್ನು ಮೊಬೈಲಿನಲ್ಲಾದರೂ ತೆಗೆದಿಟ್ಟುಕೊಳ್ಳಿರಿ. ಅದೇ ಆಲ್ಬಮ್ಮಿನ ಬೇಡವಾದ ಚಿತ್ರವೊಂದರ ಮೇಲೆ ಪರೀಕ್ಷಿಸಿರಿ. ಕಿಟಕಿ ತೆರೆದಿರಲಿ, ಒಲೆಯಾಗಲಿ ದೀಪವಾಗಲಿ ಸಮೀಪದಲ್ಲಿ ಉರಿಯದಿರಲಿ, ಈ ದ್ರವ ಥಟ್ಟನೆ ಹೊತ್ತಿಕೊಳ್ಳುವಂಥದು. ಕಡ್ಡಿಗೆ ಸುತ್ತಿದ ಹತ್ತಿಯನ್ನು ತೊಟ್ಟಿಕ್ಕದಂತೆ ತುಸುವೇ ತೇವಗೊಳಿಸಿ ಗೆರೆಯ ಮೇಲೆ ಹಗುರವಾಗಿ ಉರುಳಿಸಬೇಕು, ತಿಕ್ಕಬಾರದು. ಹತ್ತಿ ಕಪ್ಪಾದೊಡನೆ ಹೊಸದನ್ನು ತೆಗೆದುಕೊಳ್ಳಬೇಕು, ಇಲ್ಲವಾದರೆ ಎತ್ತಿದ ಮಸಿಯನ್ನೇ ಮತ್ತೆ ಬಳಿದಂತಾಗುತ್ತದೆ. ಹತ್ತಿಯಲ್ಲಿ ಚಿತ್ರದ ಬಣ್ಣ ಕಾಣಿಸಿದರೆ ಅಲ್ಲಿಗೇ ನಿಲ್ಲಿಸಿರಿ.

ಎಲ್ಲ ಚಿತ್ರಗಳಿಗೂ ಈ ಉಪಾಯ ಹೊಂದುವುದಿಲ್ಲ. ಮನೆಯ ಪ್ರಿಂಟರಿನಲ್ಲಿ ಮಸಿ ಸಿಂಪಡಿಸಿ ತೆಗೆದ ಚಿತ್ರಗಳ ಬಣ್ಣ ಕದಡಿಹೋದೀತು. ಹಿಂದಿನ ಸ್ಟುಡಿಯೋದವರು ಕಪ್ಪು-ಬಿಳುಪು ಚಿತ್ರಕ್ಕೆ ಕುಂಚದಿಂದ ಸೀರೆಯ ಅಂಚು, ತುಟಿಯ ಕೆಂಪು ತುಂಬುತ್ತಿದ್ದರು. ಅಂಥವುಗಳಿಗೆ ಯಾವ ದ್ರವವನ್ನೂ ತಾಗಿಸಬಾರದು. ಹೆಸರು-ದಿನಾಂಕ ಬರೆಯುವ ಬಿಳಿ ಅಥವಾ ಬೆಳ್ಳಿ ಬಣ್ಣದ ಪೇಂಟ್ ಪೆನ್ನಿನದು ಇನ್ನೂ ಮೊಂಡು ಕಲೆ. ಮದ್ಯಸಾರಕ್ಕೆ ಮೆತ್ತಗಾದರೆ ಸರಿ, ಆಗದಿದ್ದರೆ ಉಗುರಿನಿಂದ ಕೆರೆಯುವುದಾಗಲಿ ಥಿನ್ನರ್ ಹಚ್ಚುವುದಾಗಲಿ ಬೇಡ. ಸ್ಟುಡಿಯೋಕ್ಕೆ ಒಯ್ದು ಕಂಪ್ಯೂಟರಿನಲ್ಲಿ ಪ್ರತಿ ತೆಗೆಸಿ, ಕಲೆಯನ್ನು ಆ ಪ್ರತಿಯಲ್ಲೇ ಅಳಿಸಿಸಿರಿ. ಮೂಲಚಿತ್ರ ಕಲೆಯೊಡನೆಯೇ ಇರಲಿ, ನಷ್ಟವಿಲ್ಲ.

ಚಿತ್ರದ ಬೆನ್ನಿಗೆ ಮಾರ್ಕರಿನಲ್ಲಿ ಹೆಸರು ಬರೆದು ಒಂದರ ಮೇಲೊಂದು ಪೇರಿಸಿಡುವ ಪದ್ಧತಿ ನಮ್ಮಲ್ಲಿದೆ. ಮಸಿ ಕೆಳಗಿನ ಚಿತ್ರದ ಮುಖಕ್ಕೆ ಅಂಟಿಕೊಳ್ಳುತ್ತದೆ. ವಿಭೂತಿ, ಕುಂಕುಮವನ್ನೂ ಕಟ್ಟಿನ ಗಾಜಿಗೇ ಹಚ್ಚಿರಿ, ಬರಿಯ ಚಿತ್ರಕ್ಕೆ ಬೇಡ. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆಯರು ಉಕ್ಕಿದಾಗ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಕಡೆಯ ನದಿದಂಡೆಯ ಮನೆಗಳಿಗೆ ನೀರು ಹೊಕ್ಕಿತು. ಹಾಗೆ ನೆನೆದು ಗಾಜಿಗೆ ಅಂಟಿರುವ ಚಿತ್ರಗಳು ನಿಮ್ಮಲ್ಲಿದ್ದರೆ ಎಳೆಯಬೇಡಿರಿ. ಗಾಜಿನ ಮೇಲಿನಿಂದಲೇ ಪ್ರತಿ ತೆಗೆಸಿರಿ.

ಅಜ್ಜಿಯವರ ಚಿತ್ರಕ್ಕೆ ಒಂದು ಮಧ್ಯಾಹ್ನವೆಲ್ಲ ಹಿಡಿಯಿತು. ಇಬ್ಬರ ಮುಖಗಳೂ ತಿಳಿಯಾದವು. ಸೊಸೆ ತಿಕ್ಕಿದ್ದ ಕಟ್ಟೆಯ ಭಾಗದಲ್ಲಿ ಮಾತ್ರ ಹೊಳಪು ಮರಳಲಿಲ್ಲ. ಅಜ್ಜಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಹುಡುಗನನ್ನು ಕರೆದು, ಬಾಗಿಲು ಯಾವ ಕಡೆಗಿತ್ತು, ಎತ್ತುಗಳನ್ನು ಎಲ್ಲಿ ಕಟ್ಟುತ್ತಿದ್ದರು ಎಂದು ತೋರಿಸತೊಡಗಿದರು.