ಕೈಬಿಟ್ಟ ಒಂದು ವಾಕ್ಯ, ಕಾದ ಅರ್ಧ ಶತಮಾನ

ಮೂರರಿಂದ ಹದಿನೆಂಟು ವರ್ಷದವರೆಗಿನ ಎಲ್ಲರಿಗೂ ಶಾಲಾ ಶಿಕ್ಷಣ ದೊರೆಯಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಆದರೆ ಸಂವಿಧಾನ ಶಿಕ್ಷಣವನ್ನು ಮೂಲಭೂತ ಹಕ್ಕಾಗಿ ನೀಡಿರುವುದು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಮಾತ್ರ. ನೀತಿಗೂ ಹಕ್ಕಿಗೂ ನಡುವಿನ ಈ ಅಂತರ ಹೊಸದೇನಲ್ಲ. ಇದರ ಬೇರು ಗಣರಾಜ್ಯ ರೂಪುಗೊಳ್ಳುತ್ತಿದ್ದ ದಿನಗಳಲ್ಲೇ ಇದೆ.

ಸಂವಿಧಾನ ರಚನಾ ಸಭೆಯ ಮೂಲಭೂತ ಹಕ್ಕುಗಳ ಉಪಸಮಿತಿ ಪ್ರಾಥಮಿಕ ಶಿಕ್ಷಣವನ್ನು ಹಕ್ಕುಗಳ ಪಟ್ಟಿಯಲ್ಲೇ ಸೇರಿಸಿತ್ತು. 1947ರ ಏಪ್ರಿಲ್‌ನಲ್ಲಿ ಸಲಹಾ ಸಮಿತಿಯ ಮುಂದೆ ವಿಷಯ ಬಂದಾಗ ಸರ್ಕಾರದ ಬಳಿ ಹಣವೇ ಇಲ್ಲದಿದ್ದರೆ ಗತಿಯೇನು, ನ್ಯಾಯಾಲಯ ಇದನ್ನು ಜಾರಿಗೊಳಿಸುವುದಾದರೂ ಹೇಗೆ ಎಂಬ ಪ್ರಶ್ನೆಗಳು ಎದ್ದವು. ಪರಿಣಾಮವಾಗಿ ಶಿಕ್ಷಣ, ನ್ಯಾಯಾಲಯದಲ್ಲಿ ಪ್ರಶ್ನಿಸಲಾಗದ ನಿರ್ದೇಶಕ ತತ್ವಗಳ ಸಾಲಿಗೆ ಸರಿಯಿತು.

ಹೀಗಿದ್ದರೂ ಕರಡು ಸಂವಿಧಾನದ 36ನೇ ವಿಧಿಯಲ್ಲಿ, ಪ್ರತಿಯೊಬ್ಬ ಪ್ರಜೆಯೂ ಉಚಿತ ಪ್ರಾಥಮಿಕ ಶಿಕ್ಷಣಕ್ಕೆ ಹಕ್ಕುಳ್ಳವನು, ಅದನ್ನು ಒದಗಿಸುವುದು ರಾಜ್ಯದ ಕರ್ತವ್ಯ ಎಂಬ ಮಾತು ಉಳಿದಿತ್ತು. 1948ರ ನವೆಂಬರ್ 23ರಂದು ಲಕ್ಷ್ಮೀಕಾಂತ ಮೈತ್ರ ಅದಕ್ಕೂ ತಿದ್ದುಪಡಿ ಸೂಚಿಸಿದರು. ನಿರ್ದೇಶಕ ತತ್ವಗಳ ಭಾಗದಲ್ಲಿ ಹಕ್ಕಿನ ಭಾಷೆ ಸಲ್ಲದು ಎಂಬುದು ಅವರ ವಾದ. ಡಾ. ಅಂಬೇಡ್ಕರ್ ಅದನ್ನು ಒಪ್ಪಿಕೊಂಡರು. ‘ಹಕ್ಕು’, ‘ಕರ್ತವ್ಯ’ಗಳೆರಡೂ ಹೋಗಿ ‘ರಾಜ್ಯವು ಪ್ರಯತ್ನಿಸತಕ್ಕದ್ದು’ ಎಂಬುದಷ್ಟೇ ಉಳಿಯಿತು.

ಆದರೆ ಅದೇ ದಿನ ಅಂಬೇಡ್ಕರ್ ಇನ್ನೊಂದು ವಿಷಯದಲ್ಲಿ ಬಗ್ಗಲಿಲ್ಲ. ರಾಜ್ಯದ ಹೊಣೆಯನ್ನು ಪ್ರಾಥಮಿಕ ಶಿಕ್ಷಣಕ್ಕೆ ಸೀಮಿತಗೊಳಿಸಬೇಕೆಂಬ ನಜಿರುದ್ದೀನ್ ಅಹ್ಮದ್ ಅವರ ಸಲಹೆಯನ್ನು ಅವರು ತಿರಸ್ಕರಿಸಿದರು. ಹದಿನಾಲ್ಕು ತುಂಬದ ಮಗುವನ್ನು ದುಡಿಮೆಗೆ ಹಚ್ಚಬಾರದು ಎಂದಾದರೆ ಆ ವಯಸ್ಸಿನವರೆಗೆ ಅದು ಶಾಲೆಯಲ್ಲೇ ಇರಬೇಕಲ್ಲವೇ ಎಂಬುದು ಅವರ ತರ್ಕ. ಈ ವಿಧಿಯೇ ಮುಂದೆ 45ನೇ ವಿಧಿಯಾಯಿತು. ಹತ್ತು ವರ್ಷದ ಗಡುವು ಇದ್ದ ಏಕೈಕ ನಿರ್ದೇಶಕ ತತ್ವ ಇದು.

ಅಂದಿನವರ ಅಳುಕನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. 1951ರಲ್ಲಿ ದೇಶದ ಸಾಕ್ಷರತೆ ಕೇವಲ ಶೇ 18.33. ವಿಭಜನೆಯ ಗಾಯ ಮಾಗಿರಲಿಲ್ಲ. ಎಲ್ಲ ಮಕ್ಕಳಿಗೂ ಶಿಕ್ಷಣ ನೀಡಲು ನಲವತ್ತು ವರ್ಷ ಬೇಕೆಂದು 1944ರ ಸಾರ್ಜೆಂಟ್ ವರದಿ ಅಂದಾಜಿಸಿತ್ತು. ಅದನ್ನು ಹತ್ತಕ್ಕೆ ಇಳಿಸಿದ್ದು ಧೈರ್ಯವೇ ಸರಿ. ಆದರೆ ಪ್ರಶ್ನಿಸುವ ಅಧಿಕಾರವಿಲ್ಲದ ಗಡುವಿಗೆ ಬೆಲೆ ಎಷ್ಟು? 1960ರ ಜನವರಿಯಲ್ಲಿ ಅದು ಮೀರಿಹೋದಾಗ ಯಾವ ಸರ್ಕಾರವೂ ಕಟಕಟೆಯಲ್ಲಿ ನಿಲ್ಲಬೇಕಾಗಲಿಲ್ಲ.

ಕೊನೆಗೆ ಹಕ್ಕಿನ ಮಾತು ಮರಳಿದ್ದು ನ್ಯಾಯಾಲಯದ ಮೂಲಕ. ಅದಕ್ಕೆ ನೆಪವಾದದ್ದು ಕರ್ನಾಟಕದ ವೈದ್ಯಕೀಯ ಕಾಲೇಜು ಶುಲ್ಕದ ವಿವಾದ. 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವಿಸುವ ಹಕ್ಕಿನಲ್ಲೇ ಶಿಕ್ಷಣದ ಹಕ್ಕೂ ಅಡಗಿದೆ ಎಂದಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅದನ್ನು ಹದಿನಾಲ್ಕು ವರ್ಷದವರೆಗೆ ಎಂದು ಖಚಿತಪಡಿಸಿತು. ಕೆಳಗಿನ ವಯೋಮಿತಿಯನ್ನೇನೂ ಅದು ಹಾಕಲಿಲ್ಲ. 2002ರ 86ನೇ ತಿದ್ದುಪಡಿ 21ಎ ವಿಧಿಯನ್ನು ತಂದಿತು. 2009ರಲ್ಲಿ ರೂಪುಗೊಂಡ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಯಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ತಿದ್ದುಪಡಿ ಒಂದು ಕೈಯಲ್ಲಿ ಹಕ್ಕು ಕೊಟ್ಟು, ಇನ್ನೊಂದು ಕೈಯಲ್ಲಿ ಆರು ವರ್ಷದೊಳಗಿನವರನ್ನು ಅದರಿಂದ ಹೊರಗಿಟ್ಟಿತು. ಅವರಿಗಾಗಿ ಬದಲಾದ 45ನೇ ವಿಧಿಯಲ್ಲಿ ಮತ್ತೆ ಅದೇ ‘ಪ್ರಯತ್ನಿಸತಕ್ಕದ್ದು’. ಈ ಬಾರಿ ಹತ್ತು ವರ್ಷದ ಗಡುವೂ ಇಲ್ಲ.

ಮಗುವಿನ ಕಲಿಕೆಗೆ ಅಡಿಪಾಯ ಬೀಳುವುದು ಆರರ ಒಳಗೇ ಎಂದು ಶಿಕ್ಷಣ ನೀತಿಯೇ ಒಪ್ಪುತ್ತದೆ. ಉಳ್ಳವರ ಮಕ್ಕಳು ಹಣ ತೆತ್ತು ಎಲ್‌ಕೆಜಿ, ಯುಕೆಜಿ ಮುಗಿಸಿ ಒಂದನೇ ತರಗತಿಗೆ ಬರುತ್ತಾರೆ. ಅಂಗನವಾಡಿಯನ್ನೇ ನಂಬಿದ ಮಗುವಿಗೆ ಸಿಗುವುದು ಆಯಾ ವರ್ಷದ ಬಜೆಟ್ಟಿನ ಕೃಪೆ. ಸರ್ಕಾರಿ ಶಾಲೆಗಳಲ್ಲಿ ಪೂರ್ವ ಪ್ರಾಥಮಿಕ ತರಗತಿ ತೆರೆಯುವ ಆದೇಶಗಳು ಸ್ವಾಗತಾರ್ಹ. ಆದರೆ ಇಂದು ಹೊರಡಿಸಿದ ಆದೇಶವನ್ನು ನಾಳೆ ಹಿಂಪಡೆಯಬಹುದು, ಹಕ್ಕನ್ನು ಹಾಗೆ ಹಿಂಪಡೆಯಲಾಗದು. ಹಣವಿಲ್ಲ ಎಂಬ 1947ರ ಉತ್ತರ ಅಂದಿನ ಬಡ ದೇಶಕ್ಕೆ ಒಪ್ಪುತ್ತಿತ್ತೇನೋ. ಇಂದಿನ ಸರ್ಕಾರಗಳು ಅದರ ಮರೆಯಲ್ಲಿ ನಿಲ್ಲುವಂತಿಲ್ಲ.