ಗಣಕಲೋಕ: ಮುನ್ನೋಟದಲ್ಲಿ ಕಂಡ ಸೌಲಭ್ಯ



ಮನೆ ಕಟ್ಟುತ್ತಿರುವಾಗಲೇ ಹಿರಿಯರನ್ನು ಕರೆದು ತೋರಿಸುವುದು ನಮ್ಮಲ್ಲಿ ವಾಡಿಕೆ. ಅಡುಗೆಮನೆಯ ಕಿಟಕಿ ಎಲ್ಲಿರಬೇಕೆಂಬ ಮಾತು ಗೋಡೆ ಏಳುವ ಮುನ್ನವೇ ಬಂದರೆ ತಿದ್ದುವುದು ಸುಲಭ. ಜಾಲತಾಣಗಳನ್ನು ನಿರ್ಮಿಸಲು ಬಳಸುವ ಫ್ರೇಮ್‌ವರ್ಕ್ ಎಂಬ ತಂತ್ರಾಂಶದ ಚೌಕಟ್ಟುಗಳೂ ಹೀಗೆಯೇ ಸಿದ್ಧವಾಗುತ್ತವೆ. ಮೈಕ್ರೋಸಾಫ್ಟ್ ಸಂಸ್ಥೆಯು ಡಾಟ್‌ನೆಟ್‌ನ ಹೊಸ ಆವೃತ್ತಿಯನ್ನು ಪ್ರತಿ ನವೆಂಬರಿನಲ್ಲಿ ಹೊರತರುತ್ತದೆ. ಅದಕ್ಕೂ ಮೊದಲು, ಫೆಬ್ರುವರಿಯಿಂದಲೇ, ಹೆಚ್ಚುಕಡಿಮೆ ತಿಂಗಳಿಗೊಂದರಂತೆ ‘ಪ್ರಿವ್ಯೂ’ ಎಂಬ ಮುನ್ನೋಟದ ಆವೃತ್ತಿಗಳನ್ನು ನೀಡುತ್ತದೆ. ಇದರಲ್ಲಿ ಜಾಲತಾಣಗಳಿಗೆ ಮೀಸಲಾದ ಭಾಗವೇ ಎಎಸ್‌ಪಿ ಡಾಟ್‌ನೆಟ್ ಕೋರ್. ನಮ್ಮ ಮನೆಗಳ ಎಷ್ಟೋ ಮಕ್ಕಳಿಗೆ ಇದು ಅನ್ನದ ದಾರಿಯಾಗಿರುವುದರಿಂದ ಇಲ್ಲಿ ಪ್ರಸ್ತಾಪಿಸುತ್ತಿದ್ದೇವೆ.

2021ರ ಡಾಟ್‌ನೆಟ್ 6ರ ಮುನ್ನೋಟಗಳಲ್ಲಿ ಹೊಸ ಸಂಗತಿಗಳು ಹಲವಿದ್ದವು. ನಾಲ್ಕೇ ಸಾಲುಗಳಲ್ಲಿ ಪುಟ್ಟದೊಂದು ಜಾಲಸೇವೆಯನ್ನು ಬರೆಯಬಹುದಾದ ‘ಮಿನಿಮಲ್ ಎಪಿಐ’ ಅವುಗಳಲ್ಲೊಂದು. ಆದರೆ ಕೆಲಸಗಾರರ ಮನಗೆದ್ದದ್ದು ಏಪ್ರಿಲ್ ತಿಂಗಳ ಮೂರನೆಯ ಮುನ್ನೋಟದಲ್ಲಿ ಕಾಣಿಸಿಕೊಂಡ ‘ಹಾಟ್ ರಿಲೋಡ್’. ವಿದ್ಯಾರ್ಥಿನಿಲಯವೊಂದರ ಪ್ರವೇಶದ ಅರ್ಜಿಯನ್ನು ಒಬ್ಬರು ಸಿದ್ಧಪಡಿಸುತ್ತಿದ್ದಾರೆನ್ನೋಣ. ಮೂರನೆಯ ಪುಟದಲ್ಲಿ ಒಂದು ಪದ ತಪ್ಪಾಗಿದೆ. ತಿದ್ದಿದ ಮೇಲೆ ಕಾರ್ಯಕ್ರಮವನ್ನು ನಿಲ್ಲಿಸಿ, ಮತ್ತೆ ಕಟ್ಟಿ, ಮತ್ತೆ ನಡೆಸಿ, ಮೊದಲೆರಡು ಪುಟಗಳನ್ನು ಹೊಸದಾಗಿ ತುಂಬಿ ಅಲ್ಲಿಗೆ ತಲುಪಬೇಕಿತ್ತು. ದಿನಕ್ಕೆ ನೂರು ಬಾರಿ ಹೀಗಾದರೆ ಸಹನೆ ಉಳಿದೀತೆ? ಹಾಟ್ ರಿಲೋಡ್ ಇದ್ದರೆ ಕಾರ್ಯಕ್ರಮ ನಡೆಯುತ್ತಿರುವಂತೆಯೇ ತಿದ್ದುಪಡಿ ಅದರೊಳಗೆ ಸೇರಿಕೊಳ್ಳುತ್ತದೆ. ತುಂಬಿದ್ದು ತುಂಬಿದಂತೆಯೇ ಇರುತ್ತದೆ. ‘ಡಾಟ್‌ನೆಟ್ ವಾಚ್’ ಎಂಬ ಆಜ್ಞೆಯ ಮೂಲಕ ಲಿನಕ್ಸ್ ಗಣಕಗಳಲ್ಲಿಯೂ ಇದು ದೊರೆಯುತ್ತಿತ್ತು.

ಅಕ್ಟೋಬರ್ ಬಂದಿತು. ಅಂತಿಮ ಬಿಡುಗಡೆಗೆ ಇನ್ನು ಮೂರು ವಾರವೂ ಇರಲಿಲ್ಲ. ಆಗ ಸಂಸ್ಥೆಯು, ಈ ಸೌಲಭ್ಯವು ತನ್ನ ವಿಷುಯಲ್ ಸ್ಟುಡಿಯೋ 2022ರಲ್ಲಿ ಮಾತ್ರ ಇರುವುದೆಂದೂ ಡಾಟ್‌ನೆಟ್ ವಾಚ್‌ನಿಂದ ತೆಗೆಯಲಾಗುವುದೆಂದೂ ಸಾರಿತು. ಆರು ತಿಂಗಳು ಬಳಸಿ ನೋಡಿ, ದೋಷಗಳನ್ನು ಹುಡುಕಿ ತಿಳಿಸಿದವರಿಗೆ ಎಂತಹ ನೋವಾಗಿರಬೇಡ! ಡಾಟ್‌ನೆಟ್ ಮುಕ್ತ ತಂತ್ರಾಂಶವೆಂದು ನಂಬಿ ಬಂದವರು ಅವರು. ಆಕ್ಷೇಪಣೆಗಳು ಎಲ್ಲೆಡೆಯಿಂದ ಹರಿದುಬಂದವು. ತೆಗೆದ ಭಾಗವನ್ನು ಮರಳಿ ಸೇರಿಸುವ ಕೋರಿಕೆಯನ್ನು ಬಳಕೆದಾರರೇ ಸಿದ್ಧಪಡಿಸಿ ಮುಂದಿಟ್ಟರು. ಅಕ್ಟೋಬರ್ 23ರಂದು ಸಂಸ್ಥೆಯು ತನ್ನ ನಡೆಯಲ್ಲಿ ತಪ್ಪಾಯಿತೆಂದು ಒಪ್ಪಿ, ಸೌಲಭ್ಯವನ್ನು ಹಿಂದಿರುಗಿಸಿತು. ಇಷ್ಟು ದೊಡ್ಡ ಸಂಸ್ಥೆ ಕೆಲವೇ ದಿನಗಳಲ್ಲಿ ಮಣಿದದ್ದು ಸಣ್ಣ ಸಂಗತಿಯಲ್ಲವೆಂದೇ ನಮ್ಮ ಅಭಿಪ್ರಾಯ.

ಮುನ್ನೋಟದ ಆವೃತ್ತಿಗಳನ್ನು ಕಲಿಕೆಗೂ ಪರೀಕ್ಷೆಗೂ ಬಳಸುವುದು ಯುಕ್ತ. ಜನರು ಹಣ ಪಾವತಿಸುವ, ಅರ್ಜಿ ಸಲ್ಲಿಸುವ ತಾಣಗಳಿಗೆ ಅವು ತಕ್ಕುವಲ್ಲ. ಇಂದು ಇರುವ ಹೆಸರು ಮುಂದಿನ ತಿಂಗಳು ಬದಲಾಗಬಹುದು, ಇಡೀ ಸೌಲಭ್ಯವೇ ಕೈಬಿಟ್ಟುಹೋಗಬಹುದು. ಬಳಸುವ ತರುಣ ತರುಣಿಯರು ಕಂಡ ದೋಷವನ್ನು ಮೊದಲ ತಿಂಗಳುಗಳಲ್ಲಿಯೇ ಬರೆದು ತಿಳಿಸುವುದು ಮೇಲು. ಸೆಪ್ಟೆಂಬರ್ ದಾಟಿದರೆ ದೊಡ್ಡ ಬದಲಾವಣೆಗಳಿಗೆ ಅವಕಾಶ ಕಡಿಮೆ.

ಡಾಟ್‌ನೆಟ್ 6ಕ್ಕೆ ದೊರೆಯುತ್ತಿದ್ದ ಬೆಂಬಲ 2024ರ ನವೆಂಬರಿನಲ್ಲಿ ಮುಗಿಯಿತು. ಡಾಟ್‌ನೆಟ್ ವಾಚ್‌ನ ಹಾಟ್ ರಿಲೋಡ್ ಮಾತ್ರ ಅದರ ನಂತರದ ಆವೃತ್ತಿಗಳಲ್ಲಿಯೂ ಮುಂದುವರಿದಿದೆ.