ಕಾವಲುಗಾರನ ಪಗಾರ ಯಾರು ಕೊಡಬೇಕು?

ಅಮೆರಿಕದ ಅಂತರರಾಷ್ಟ್ರೀಯ ಧಾರ್ಮಿಕ ಸ್ವಾತಂತ್ರ್ಯ ಆಯೋಗದ ವರದಿ ಪ್ರತಿವರ್ಷ ಬರುತ್ತದೆ. ಬಂದ ಮರುದಿನ ನಮ್ಮ ಕ್ಯಾಂಟೀನಿನಲ್ಲಿ ಎರಡೇ ಮಾತು. "ನಮ್ಮ ಮನೀ ಸುದ್ದಿ ಅವರಿಗ್ಯಾಕ?" ಅಂತ ಒಬ್ಬ. "ಮನ್ಯಾಗ ಯಾರೂ ಕೇಳಂಗಿಲ್ಲ, ಅದಕ್ಕ ಹೊರಗಿನವ್ರು ಕೇಳ್ತಾರ" ಅಂತ ಇನ್ನೊಬ್ಬ. ಗೆಳೆಯರೇ, ವಾಣಿಜ್ಯದ ವಿದ್ಯಾರ್ಥಿಯಾದ ನನಗೆ ಇಬ್ಬರನ್ನೂ ಕೇಳಬೇಕೆನಿಸುವುದು ಬೇರೆಯೇ: ಈ ಲೆಕ್ಕ ಬರೆಯುವವನಿಗೆ ಪಗಾರ ಕೊಡುವವರು ಯಾರು?

ಆ ಆಯೋಗ 1998ರ ಅಮೆರಿಕದ ಕಾಯ್ದೆಯಿಂದ ಹುಟ್ಟಿದ್ದು. ಖರ್ಚೆಲ್ಲ ಅಲ್ಲಿಯ ಬೊಕ್ಕಸದ್ದು, ನೋಡುವುದು ಮಾತ್ರ ಪರದೇಶಗಳನ್ನು. 2020ರಿಂದ ಅದು ಭಾರತವನ್ನು ವಿಶೇಷ ಕಳವಳದ ದೇಶಗಳ ಪಟ್ಟಿಗೆ ಸೇರಿಸಬೇಕೆಂದು ಶಿಫಾರಸು ಮಾಡಿತು. 2024ರವರೆಗೂ ಅಲ್ಲಿಯ ವಿದೇಶಾಂಗ ಇಲಾಖೆ ಸೇರಿಸಲಿಲ್ಲ. ವ್ಯಾಪಾರ, ಸ್ನೇಹ ಎಲ್ಲಾ ನಡುವೆ ಬರ್ತವೆ, ಬರದೇ ಏನು! 2016ರಲ್ಲಿ ನಮ್ಮ ಸರಕಾರ ಆ ತಂಡಕ್ಕೆ ವೀಸಾ ಕೊಡಲಿಲ್ಲ. ಎದುರಂಗಡಿಯ ಗುಮಾಸ್ತ ಬಂದು ನಮ್ಮ ಖಾತೆ ಪುಸ್ತಕ ತೋರಿಸು ಅಂದರೆ ಯಾವ ಸಾಹುಕಾರನಿಗೂ ಸಿಟ್ಟು ಬರುತ್ತದೆ. ಆದರೆ ಆ ಸಿಟ್ಟಿನಿಂದ ಪುಸ್ತಕದೊಳಗಿನ ಬಾಕಿ ಕಡಿಮೆಯಾಗುವುದಿಲ್ಲವಲ್ಲ.

ಹಣದ ಮೂಲ ಕೇಳುವುದು ನಮ್ಮ ನಾಗಪುರಕ್ಕೆ ಹೊಸದಲ್ಲ. ಇದು ಮಧ್ಯಪ್ರದೇಶದ ರಾಜಧಾನಿಯಾಗಿದ್ದ ಕಾಲದಲ್ಲಿ, 1954ರಲ್ಲಿ, ಇಲ್ಲಿಯ ಹೈಕೋರ್ಟಿನ ನಿವೃತ್ತ ಮುಖ್ಯ ನ್ಯಾಯಾಧೀಶ ಭವಾನಿಶಂಕರ ನಿಯೋಗಿಯವರ ಸಮಿತಿ ನೇಮಕವಾಯಿತು. ಕ್ರೈಸ್ತ ಮಿಶನರಿಗಳ ಕೆಲಸ, ಅವರಿಗೆ ಬರುವ ಪರದೇಶದ ಹಣ ಇವನ್ನೆಲ್ಲ ಅದು 14 ಜಿಲ್ಲೆಗಳಲ್ಲಿ ತಿರುಗಿ ವಿಚಾರಿಸಿತು. ವರದಿ ಬಂದದ್ದು 1956ರಲ್ಲಿ. ಅದೇ ವರ್ಷ ಅಕ್ಟೋಬರ್ 14ರಂದು ಇದೇ ಊರಿನಲ್ಲಿ ಅಂಬೇಡ್ಕರರು ಲಕ್ಷಾಂತರ ಜನರೊಡನೆ ಬೌದ್ಧರಾದರು. ಯಾರ ಡಾಲರೂ ಬೇಕಾಗಲಿಲ್ಲ. ಹಾಗೆ ಬೌದ್ಧರಾದವರನ್ನು ಕೇಂದ್ರದ ಕಾನೂನು ಪರಿಶಿಷ್ಟ ಜಾತಿ ಎಂದು ಒಪ್ಪಿದ್ದು 1990ರಲ್ಲಿ, ಮೂವತ್ತನಾಲ್ಕು ವರ್ಷ! ದೀಕ್ಷಾಭೂಮಿಯ ಸ್ತೂಪ ನೋಡಲು ಹೋಗುವ ನಮ್ಮವರು ಈ ಲೆಕ್ಕವನ್ನೂ ತಿಳಿದಿರಬೇಕು.

ಕ್ರೈಸ್ತ, ಮುಸ್ಲಿಂ ದಲಿತರು ಆ ಪಟ್ಟಿಯಿಂದ ಇನ್ನೂ ಹೊರಗೇ ಇದ್ದಾರೆ. ಇದು ಸರಿಯಲ್ಲ ಎಂದು ಬರೆದವರಲ್ಲಿ ಆಸ್ಮಾ ಜಹಾಂಗೀರ್ ಒಬ್ಬರು. ಪಾಕಿಸ್ತಾನದ ವಕೀಲೆ, ವಿಶ್ವಸಂಸ್ಥೆಯ ವಿಶೇಷ ವರದಿಗಾರರಾಗಿ 2008ರಲ್ಲಿ ಭಾರತಕ್ಕೆ ಬಂದಿದ್ದರು. ಪಾಕಿಸ್ತಾನದಾಕೆಗೆ ತೆರೆದ ಬಾಗಿಲು ಅಮೆರಿಕದವರಿಗೆ ತೆರೆಯಲಿಲ್ಲ! ಸರಕಾರ ಬೇರೆ ಇತ್ತು, ನಿಜ. ಆದರೆ ಆಕೆ ಯಾವ ಒಂದು ದೇಶದ ನೌಕರಳೂ ಆಗಿರಲಿಲ್ಲ. 1986ರಲ್ಲಿ ಸೃಷ್ಟಿಯಾದ ಆ ಹುದ್ದೆಗೆ ಪಗಾರವೇ ಇಲ್ಲ. ತಿರುಗಾಟದ, ಕಚೇರಿಯ ಖರ್ಚು ವಿಶ್ವಸಂಸ್ಥೆಯದು. ಎಲ್ಲ ದೇಶಗಳ ವಂತಿಗೆ, ಅದರಲ್ಲಿ ನಮ್ಮದೂ ಇದೆ. ನನ್ನ ಮಟ್ಟಿಗೆ ಹಣ ಹಾಕಬೇಕಾದ ಡಬ್ಬಿ ಇದು. ನಮ್ಮ ಸರಕಾರ ಇನ್ನಷ್ಟು ಹಾಕಲಿ, ಆಮೇಲೆ ಬೇರೆ ದೇಶಗಳ ಲೆಕ್ಕವನ್ನೂ ಗಟ್ಟಿಯಾಗಿ ಕೇಳಲಿ.

ಮನೆಯ ಕಾವಲೇ ಸಾಕು ಅನ್ನುವವರು ಮಂಗಳೂರನ್ನು ನೋಡಿ. 2008ರ ಚರ್ಚ್ ದಾಳಿಗಳ ಮೇಲೆ ರಾಜ್ಯ ಸರಕಾರ ನೇಮಿಸಿದ ನ್ಯಾಯಮೂರ್ತಿ ಸೋಮಶೇಖರ ಆಯೋಗ 2011ರಲ್ಲಿ ಅಂತಿಮ ವರದಿ ಕೊಟ್ಟಿತು. ನಿವೃತ್ತ ನ್ಯಾಯಮೂರ್ತಿ ಸಲ್ಡಾನಾ ಸರಕಾರದ ಹೊರಗೆ ಬೇರೆ ವಿಚಾರಣೆ ಮಾಡಿದರು. ಒಂದು ಇನ್ನೊಂದಕ್ಕೆ ಹೊಂದುವುದಿಲ್ಲ. ಅದೇ ಕರಾವಳಿಯಲ್ಲಿ ಸುರೇಶ್ ಭಟ್ ಬಾಕ್ರಬೈಲ್ ಎಂಬವರು ಪತ್ರಿಕೆಗಳ ಸುದ್ದಿ ಕೂಡಿಹಾಕಿ ಕೋಮು ಘಟನೆಗಳ ವಾರ್ಷಿಕ ಪಟ್ಟಿ ಮಾಡುತ್ತ ಬಂದರು. ಇಂಥ ಕೆಲಸ ಒಬ್ಬಿಬ್ಬರ ಹಟದ ಮೇಲೆ ನಿಂತಿದೆ. ಅವರು ದಣಿದರೆ ಪುಸ್ತಕ ಅಲ್ಲಿಗೇ ಮುಚ್ಚಿತು.

ಪರದೇಶದ ಹಣದ ಗತಿ ಏನಾಗುತ್ತದೆಂಬುದನ್ನೂ ಕಂಡಿದ್ದೇವೆ. ಬೆಂಗಳೂರಿನಲ್ಲಿದ್ದ ಆಮ್ನೆಸ್ಟಿ ಇಂಡಿಯಾ 2020ರ ಸೆಪ್ಟೆಂಬರಿನಲ್ಲಿ ಕೆಲಸ ನಿಲ್ಲಿಸಿತು. ವಿದೇಶಿ ದೇಣಿಗೆಯ ಕಾಯ್ದೆ ಮುರಿದರು ಎಂದು ಸರಕಾರ. ಬಾಯಿ ಮುಚ್ಚಿಸಿದರು ಎಂದು ಅವರು. ಇಬ್ಬರ ವಾದ ಏನೇ ಇರಲಿ, ಬ್ಯಾಂಕ್ ಖಾತೆ ತಡೆದರು, ವರದಿ ನಿಂತಿತು. ಹಾಗಾಗಿ ಮನೆಯವರ ರೂಪಾಯಿಯೂ ಬೇಕು, ಹತ್ತು ಐವತ್ತರದ್ದಾದರೂ ಸರಿ. ವಿದ್ಯಾರ್ಥಿಗಳ ಹತ್ರ ದುಡ್ಡೆಲ್ಲಿದೆ ಅಂತೀರಾ? ಗಣೇಶನ ಪಟ್ಟಿ ಎತ್ತುವಾಗ ಎಲ್ಲಿಂದ ಬರುತ್ತದೋ ಅಲ್ಲಿಂದಲೇ.